ಅಕ್ಕನ ಹರಕೆ, ನನ್ನ ಕಾಲು

ಒಬ್ಬರ ಹರಕೆಯನ್ನು ಇನ್ನೊಬ್ಬರ ಕಾಲಿನಿಂದ ತೀರಿಸಬಹುದು ಎಂದು ನನಗೆ ಮೊದಲು ಹೇಳಿದವರು ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ. ಅವರನ್ನು ಅಕ್ಕ ಎನ್ನುತ್ತಿದ್ದೆ, ವಯಸ್ಸಿನಲ್ಲಿ ನನ್ನ ತಾಯಿಗೆ ಸಮ. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದ ಕನ್ನಡದ ಒಕ್ಕಲು ಮನೆತನ ಅವರದು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಮಾತ್ರ ಯಾರಿಗೂ ಬಾರದು. ನಾನು ದಾವಣಗೆರೆಯಿಂದ ಹೋಗಿ ಅಲ್ಲೇ ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಡ್ರಾಯಿಂಗ್ ಮಾಡುತ್ತಿದ್ದೆ. ಅವರ ಮಹಡಿಯ ಮೇಲಿನ ಒಂಟಿ ಕೋಣೆ ನನ್ನದು.

ಅಕ್ಕನ ಯಜಮಾನರು ಮೊದಲು ಕುರಿಚಿಯ ಫೌಂಡ್ರಿಯೊಂದರಲ್ಲಿದ್ದರು. ಒಂದು ದಿನ ಕಾದ ಕಬ್ಬಿಣ ಸಿಡಿದು ಎರಡೂ ಕಣ್ಣಿಗೆ ಬಿತ್ತು. ಒಂದನ್ನಾದರೂ ಉಳಿಸಿಕೊಡು, ಏಳು ಸಲ ತೈಪೂಸದ ಹಬ್ಬಕ್ಕೆ ಪಳನಿಗೆ ನಡೆದು ಬರುತ್ತೇನೆ ಎಂದು ಅಕ್ಕ ಮುರುಗನಿಗೆ ಹರಕೆ ಹೊತ್ತರು. ಒಂದು ಉಳಿಯಿತು. ಆರು ಸಲ ನಡೆದರು. ಏಳನೆಯದಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು, ಮೊಣಕಾಲು ಊದಿ ಕುಂಬಳಕಾಯಿ ಆಯಿತು. ದೂರ ನಡೆದರೆ ಈ ಕಾಲು ಮತ್ತೆ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದರು. ಅದೇ ಹೊತ್ತಿಗೆ ಯಜಮಾನರ ಉಳಿದ ಕಣ್ಣಿಗೂ ಪೊರೆ ಬರತೊಡಗಿತ್ತು. ವಯಸ್ಸಾದ ಮೇಲೆ ಪೊರೆ ಎಲ್ಲರಿಗೂ ಬರುತ್ತದೆ ಎಂದರೆ ಅಕ್ಕ ಕೇಳಬೇಕಲ್ಲ! ಬಾಕಿ ಇದೆ ಎಂದು ಸಾಮಿ ನೆನಪು ಮಾಡುತ್ತಿದ್ದಾನೆ, ಹರಕೆ ತೀರದೆ ಆ ಕಣ್ಣಿಗೆ ಕತ್ತರಿ ಮುಟ್ಟಿಸುವುದಿಲ್ಲ ಎಂದು ಕೂತರು. ಯಜಮಾನರೂ ಹೂಂ ಎಂದರು.

ಮಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದ, ರಜೆ ಕೇಳಿದರೆ ಕೆಲಸವೇ ಹೋಗುತ್ತಿತ್ತು. ಸೊಸೆಗೆ ಕೈಗೂಸು. ಒಂದು ಸಂಜೆ ಅಕ್ಕ ಕುಂಟುತ್ತ ಮೆಟ್ಟಿಲು ಹತ್ತಿ ಬಂದು ನನ್ನ ಮಂಚದ ಮೇಲೆ ಕೂತರು.

“ಅಮ್ಮಣಿ, ನನ್ ಪೇರು ಹೇಳಿ ನೀ ನಡೆದು ಬರ್ತೀಯಾ? ನಮ್ ಗುಂಪಿನ ಗುರುಸಾಮಿನ ಕೇಳ್ದೆ. ಮಾಲೆ ಹಾಕಿ, ವಿರದಂ ಇದ್ದು, ಒಂದಡಿನೂ ವಂಡಿ ಬಸ್ಸು ಏರದೆ ನಡೆದ್ರೆ ನನಗೆ ಸಲ್ಲುತ್ತದಂತೆ.”

ಆಮೇಲೆ ದನಿ ತಗ್ಗಿಸಿ ನನ್ನ ಮುಟ್ಟಿನ ತಾರೀಕು ಕೇಳಿದರು. ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ದಿನ ಎಣಿಸಿ, ಸರಿಹೋಗುತ್ತದೆ ಎಂದು ತಲೆಯಾಡಿಸಿದರು.

ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹಿಂದಿನ ವರ್ಷ ಚಿಕುನ್‌ಗುನ್ಯ ಬಂದು ನಾನು ಹಾಸಿಗೆ ಹಿಡಿದಾಗ ಹದಿನೈದು ದಿನ ಗಂಜಿ ಹೊತ್ತು ಆ ಮೆಟ್ಟಿಲು ಹತ್ತಿದವರು ಅವರು. ಅಲ್ಲದೆ, ನಿಜ ಹೇಳಬೇಕೆಂದರೆ, ನನಗೂ ಒಂದು ಆಸೆ ಇತ್ತು. ನಾಲ್ಕು ದಿನ ಬರಿಗಾಲಲ್ಲಿ ನಡೆದರೆ ಒಳಗೆ ಏನಾದರೂ ಕದಲದೆ ಇರುತ್ತದೆಯೇ?

ಕದಲಿದ್ದು ಕಾಲಿನ ಒಂದು ಉಗುರು ಮಾತ್ರ. ಪಳನಿಗೆ ನಡೆಯುವವರ ಹಸಿರು ಸೀರೆ ಉಟ್ಟು, ಕೊರಳಿಗೆ ಮಾಲೆ ಹಾಕಿಕೊಂಡು ಹೊರಟೆ. ವ್ರತಕ್ಕೆಂದು ನಾನು ತ್ಯಾಗ ಮಾಡಿದ್ದು ಬೇಕರಿಯ ಮೊಟ್ಟೆ ಪಫ್ಸನ್ನು. ಗುಂಪಿನಲ್ಲಿ ಮೂವತ್ತು ಜನ, ಮುಂದೆ ಗುಂಪಿನ ಹಿರಿಯರಾದ ಗುರುಸಾಮಿ, ಹಿಂದೆ ಗಂಟುಮೂಟೆಯ ವ್ಯಾನು. ಉಕ್ಕಡಂ, ಕುರಿಚಿ, ಈಚನಾರಿ ದಾಟುವ ತನಕ ಎಲ್ಲ ಚೆನ್ನಾಗಿಯೇ ಇತ್ತು. ಎಲ್ಲರ ಜೊತೆ “ಅರೋಹರಾ” ಎಂದು ಕೂಗಿದೆ, ದಾರಿಬದಿಯಲ್ಲಿ ಕೊಟ್ಟ ಮಜ್ಜಿಗೆ ಕುಡಿದೆ. ಕಿಣತ್ತುಕಡವು ಬರುವಷ್ಟರಲ್ಲಿ ನನ್ನ ಕೂಗು ನಿಂತಿತು. ಪೊಳ್ಳಾಚಿಯ ಹತ್ತಿರ ತೆಂಗಿನ ತೋಟಗಳು ಶುರುವಾದವು, ಮುಗಿಯಲೇ ಇಲ್ಲ.

ನೋವು ಪರವಾಗಿಲ್ಲ, ಅದಕ್ಕೆ ಮುಲಾಮು ಹಚ್ಚುವವರು ಅಲ್ಲಲ್ಲಿ ಪೆಂಡಾಲು ಹಾಕಿಕೊಂಡು ಕೂತಿದ್ದರು. ಬೇಜಾರಿಗೆ ಯಾರೂ ಏನೂ ಹಚ್ಚುತ್ತಿರಲಿಲ್ಲ. ಸಾಮಿಯನ್ನು ನೆನೆಯುತ್ತ ನಡಿ ಎಂದರು. ನೆನೆದೆ. ಎಷ್ಟು ಹೊತ್ತು ಅಂತ ನೆನೆಯುವುದು, ನೀವೇ ಹೇಳಿ. ಯಜಮಾನರ ಕಣ್ಣನ್ನು ನೆನೆದೆ, ಅದೂ ಹತ್ತು ನಿಮಿಷದಲ್ಲಿ ಮುಗಿಯಿತು. ಹುಣಸೆ ಮರಗಳ ಮೇಲೆ ಬಣ್ಣದಲ್ಲಿ ಬರೆದ ನಂಬರು ಓದಿದೆ. ತೋಟಗಳಿಂದ ಬರುವ ಮೋಟಾರಿನ ಸದ್ದು ಕೇಳಿ ಅದು ಐದು ಎಚ್‌ಪಿಯೋ ಏಳೂವರೆಯೋ ಎಂದು ಅಂದಾಜು ಮಾಡಿದೆ. ಸರಿಯೋ ತಪ್ಪೋ ಹೇಳುವವರಿಲ್ಲದೆ ಆ ಆಟವೂ ಸಪ್ಪೆಯಾಯಿತು. ಪಕ್ಕದ ಹೆಂಗಸರು ತಮ್ಮ ಸೊಸೆಯರ ಬಗ್ಗೆ ಮಾತಾಡುತ್ತಿದ್ದರು. ನನ್ನದು ಕಂಪನಿಯ ತಮಿಳು: ನಟ್ಟು, ಬೋಲ್ಟು, ನಾಳೆ ಬೇಕು, ಇವತ್ತಾಗುವುದಿಲ್ಲ. ಅಷ್ಟು ತಮಿಳಿನಲ್ಲಿ ಯಾರ ಸೊಸೆಯನ್ನೂ ಬೈಯುವುದಕ್ಕೆ ಆಗುವುದಿಲ್ಲ.

ಮೂರನೆಯ ದಿನ ಗೋಮಂಗಲ ದಾಟಿದ ಮೇಲೆ ಬಯಲಿನ ತುಂಬ ಗಾಳಿಯಂತ್ರಗಳು ಕಂಡವು. ಗಾಳಿಯ ಕಾಲವಲ್ಲ, ಒಂದೂ ತಿರುಗುತ್ತಿರಲಿಲ್ಲ. ಅರ್ಧ ಗಂಟೆ ನಡೆದು ತಲೆಯೆತ್ತಿದರೂ ಅದೇ ಯಂತ್ರ ಅದೇ ಜಾಗದಲ್ಲಿ. ಗುಂಪು ಮುಂದೆ ಹೋಗಲಿ ಎಂದು ನಾನು ಒಂದು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತೆ. ಟೌನ್ ಬಸ್ಸು ಬಂದು ನನ್ನ ಎದುರಿಗೇ ನಿಂತಿತು. ಹತ್ತಿದೆ.

ಕಂಡಕ್ಟರು ನನ್ನ ಹಸಿರು ಸೀರೆ ನೋಡಿದ, ಕಾಲು ನೋಡಿದ, ಟಿಕೆಟು ಹರಿದು ಕೊಟ್ಟ. ಗುಂಪನ್ನು ದಾಟುವಾಗ ಬಗ್ಗಿ ಬೆರಳಿನ ಬ್ಯಾಂಡೇಜು ಸರಿಮಾಡುವವಳ ಹಾಗೆ ಕೂತೆ. ನಾಚಿಕೆಯಾಯಿತೇ? ಆಗ ಇಲ್ಲ. ಆಗ ಕಿಟಕಿಯಿಂದ ಗಾಳಿ ಬರುತ್ತಿತ್ತು, ಮರಗಳು ಹಿಂದಕ್ಕೆ ಓಡುತ್ತಿದ್ದವು, ಹಾಯೆನಿಸಿತು. ನಾಲ್ಕು ಸ್ಟಾಪು ದಾಟಿ ಉಡುಮಲೈಪೇಟೆಗೆ ಮುಂಚೆಯೇ ಇಳಿದು ಮರದ ನೆರಳಲ್ಲಿ ಕಾದೆ. ತಾವು ಟೀಗೆ ನಿಂತಾಗ ನಾನು ಮುಂದೆ ಬಂದುಬಿಟ್ಟೆ ಎಂದುಕೊಂಡ ಗುರುಸಾಮಿ ಎಲ್ಲರಿಗೂ ನನ್ನನ್ನು ತೋರಿಸಿ ಹೊಗಳಿದರು. ಮೊದಲ ವರ್ಷವೇ ಎಂಥ ನಡಿಗೆ, ನೋಡಿ ಕಲಿಯಿರಿ ಎಂದರು.

ಪಳನಿಯಲ್ಲಿ ಬೆಟ್ಟ ಹತ್ತಿ ಬೆಳಗಿನಿಂದ ಸಂಜೆಯವರೆಗೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಅಲಂಕಾರ ಬದಲಿಸಲು ತೆರೆ ಎಳೆದಿದ್ದರು. ಕೆಂಪು ತೆರೆ, ಕೆಳಗೆ ಜರಿಯ ಅಂಚು. ಅದು ಸರಿಯುವಷ್ಟರಲ್ಲಿ ಹಿಂದಿನ ಜನದ ನೂಕಿಗೆ ನಾನು ಆಚೆ ಬಂದುಬಿಟ್ಟಿದ್ದೆ. ನೂರು ಕಿಲೋಮೀಟರು ಬಂದು ಒಂದು ಪರದೆ ನೋಡಿಕೊಂಡು ಹೊರಟೆನಲ್ಲ ಎಂದು ನಗು ಬಂತು, ನಗುತ್ತಿರುವಾಗಲೇ ಸಿಟ್ಟಿಗೆ ಅಳುವೂ ಬಂತು. ಪಂಚಾಮೃತದ ಡಬ್ಬಿ ಹಿಡಿದು ಎಲ್ಲರ ಹಾಗೆ ಬಸ್ಸಿನಲ್ಲಿ ವಾಪಸಾದೆ.

ಮನೆಯ ಬಾಗಿಲಲ್ಲಿ ಅಕ್ಕ ಅರಿಸಿನ ನೀರಿನ ಚೆಂಬು ಇಟ್ಟುಕೊಂಡು, ಊದಿದ ಕಾಲು ಚಾಚಿ ಮಣೆಯ ಮೇಲೆ ಕೂತಿದ್ದರು. ನಡೆದು ಬಂದವರ ಪಾದ ತೊಳೆಯುವುದು ಅವರ ಮನೆಯ ಪದ್ಧತಿ. ಯಜಮಾನರು ಪಕ್ಕದಲ್ಲಿ ಟವೆಲು ಹಿಡಿದು ನಿಂತಿದ್ದರು, ನಾನಿಲ್ಲದ ಕಡೆಗೆ ನೋಡಿ ನಗುತ್ತಿದ್ದರು.

“ಬೇಡ ಅಕ್ಕಾ, ನೀವು ನನ್ನ ಕಾಲು ಮುಟ್ಟಬಾರದು” ಎಂದೆ.

“ಸುಮ್ನಿರು. ಇದೇನು ನಿನ್ ಕಾಲಾ? ನಂದು” ಎಂದು ಪಾದವನ್ನು ಎಳೆದುಕೊಂಡರು. ಬಿರುಕುಗಳ ಮೇಲೆ ಮೆಲ್ಲಗೆ ನೀರು ಹಾಕುತ್ತ ಕೇಳಿದರು: “ಸಾಮಿ ಯಾವ ಅಲಂಕಾರದಲ್ಲಿದ್ದ? ಕಿರೀಟ ಇಟ್ಟ ರಾಜನಾ, ಕೋಲು ಹಿಡ್ದ ಆಂಡಿ ಸನ್ಯಾಸಿಯಾ?”

ಬಸ್ಸಿನ ಬಗ್ಗೆ ಕೇಳಿದ್ದರೆ ಸುಳ್ಳು ಸಿದ್ಧವಿತ್ತು. ಇದಕ್ಕೆ ಏನೂ ಸಿದ್ಧ ಮಾಡಿಕೊಂಡಿರಲಿಲ್ಲ.

“ತೆರೆ ಹಾಕಿದ್ರು ಅಕ್ಕಾ. ಏನೂ ಕಾಣ್ಲಿಲ್ಲ.”

“ಅಯ್ಯೋ, ಅದಕ್ಕಾ ಮುಖ ಇಷ್ಟು ಸಣ್ಣಗೆ ಮಾಡ್ಕೊಂಡಿದೀಯ? ತೆರೆ ಹಿಂದೆ ಅವನೆಲ್ಲಿ ಹೋಗ್ತಾನೆ, ಅಲ್ಲೇ ಇರ್ತಾನೆ. ನನಗೆ ಒಂದ್ ವರುಷ ಜನರ ತಲೆ ಬಿಟ್ಟು ಏನೂ ಕಾಣ್ಲಿಲ್ಲ. ಕಾಣ್ಸೋದು ಅವನ ಪಾಡು ಅಮ್ಮಣಿ. ನಡೆಯೋದು ತಾನೇ ನಮ್ದು? ನೀ ನಡೆದ್ಯಲ್ಲ, ಸಾಕು.”

ಅಲ್ಲಿಗೆ ನನ್ನಿಂದ ತಡೆಯಲಾಗಲಿಲ್ಲ.

“ಪೂರ್ತಿ ನಡೀಲಿಲ್ಲ ಅಕ್ಕಾ. ನಾಲ್ಕು ಸ್ಟಾಪು ಬಸ್ಸಲ್ಲಿ ಹೋದೆ.”

ನೀರು ಹಾಕುವ ಕೈ ನಿಂತಿತು.

“ಜೊರ ಬಂತಾ?”

“ಇಲ್ಲ.”

“ಕಾಲು ಒಡೆದು ರತ್ತ ಬಂತಾ?”

“ಇಲ್ಲ.”

“ಮತ್ತ್ಯಾಕೆ?”

“ಬೇಜಾರಾಯ್ತು.”

ಅಕ್ಕ ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದೂ ಅನ್ನಿಸಿತು. ಅವರು ತೊಳೆಯದೆ ಉಳಿದಿದ್ದ ಇನ್ನೊಂದು ಪಾದವನ್ನೂ ತೊಳೆದು, ಗಂಡನ ಕೈಯಿಂದ ಟವೆಲು ತೆಗೆದುಕೊಂಡು ಒರೆಸಿ, “ಸರಿ, ಮೇಲೆ ಹೋಗಿ ಮಲಗು” ಎಂದರು. ನಾನು ಮೆಟ್ಟಿಲು ಹತ್ತುವಾಗ ಯಜಮಾನರು ಆಸ್ಪತ್ರೆಗೆ ಯಾವತ್ತು ಹೋಗುವುದು ಎಂದು ಕೇಳಿದ್ದು ಕೇಳಿಸಿತು. ಬರೋ ವರುಷ ಎಂದರು ಅಕ್ಕ.

ಮಾರನೆಯ ದಿನವೇ ಕೆಳಗಿಳಿದು, ಬಸ್ಸು ಹತ್ತಿದ ಜಾಗಕ್ಕೆ ಹೋಗಿ ಆ ನಾಲ್ಕು ಸ್ಟಾಪು ಈಗ ನಡೆದು ಬರುತ್ತೇನೆ ಎಂದೆ. “ತೇಪೆ ಹಾಕಕ್ಕೆ ಅದೇನು ಹಳೇ ಸೀರೆಯಾ?” ಎಂದು ಅವರು ಅಕ್ಕಿ ಆರಿಸುವುದನ್ನು ಮುಂದುವರಿಸಿದರು. ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅವರಿಗೂ ಹೇಳಿದೆ, ಯಜಮಾನರಿಗೂ ಹೇಳಿದೆ. ಇಬ್ಬರೂ ಒಪ್ಪಲಿಲ್ಲ. ಆ ವರ್ಷವಿಡೀ ಯಜಮಾನರು ಗೋಡೆ ಹಿಡಿದು ಬಚ್ಚಲಿಗೆ ಹೋದರು. ಸುಳ್ಳು ಹೇಳಿದ್ದರೆ ಒಂದು ತಿಂಗಳಲ್ಲಿ ಕಣ್ಣು ಕಾಣುತ್ತಿತ್ತು. ನಿಜ ಹೇಳಿ ಹಗುರಾದವಳು ನಾನೊಬ್ಬಳೇ. ಹೇಳಿದ ದಿನ ಚೆನ್ನಾಗಿ ನಿದ್ದೆಯನ್ನೂ ಮಾಡಿದ್ದೆ.

ಮರುವರ್ಷ ಅಕ್ಕ ತಾವೇ ನಡೆದರು. ಗುಂಪಿನ ಜೊತೆ ಹೆಜ್ಜೆ ಹಾಕಲಾಗದು ಎಂದು ಆರು ದಿನ ಮುಂಚೆಯೇ ಹೊರಟರು. ಹರಕೆ ತೀರಿತು, ಯಜಮಾನರಿಗೆ ಆಪರೇಷನ್ ಆಗಿ ಕಣ್ಣು ಕಂಡಿತು, ಅಕ್ಕನ ಮೊಣಕಾಲು ಡಾಕ್ಟರು ಹೇಳಿದ ಹಾಗೆಯೇ ಆಯಿತು. ಅದೆಲ್ಲ ಆಮೇಲಿನ ಮಾತು. ನನಗೆ ಈಗಲೂ ನೆನಪಾಗುವುದು ಅವರು ಹೊರಟ ಬೆಳಗು.

ನಾನೂ ಹಸಿರು ಸೀರೆ ಉಟ್ಟು ಕೆಳಗಿಳಿದೆ. ಹತ್ತು ದಿನದ ರಜೆ ಹಾಕಿದ್ದೆ, ಯಾರಿಗೂ ಹೇಳಿರಲಿಲ್ಲ. ಅಕ್ಕ ಗೇಟಿನ ಹತ್ತಿರ ಒಂದು ಕೈಯಲ್ಲಿ ಕೋಲು ಊರಿ, ಇನ್ನೊಂದನ್ನು ಯಜಮಾನರ ಹೆಗಲ ಮೇಲಿಟ್ಟು ನಿಂತಿದ್ದರು. ಯಜಮಾನರೂ ಜೊತೆಗೆ ಹೊರಟಿದ್ದರು. ಅಕ್ಕ “ಮೋರಿ ಇದೆ, ಎಡಕ್ಕೆ” ಎಂದರೆ ಅವರು ಎಡಕ್ಕೆ ಹೆಜ್ಜೆ ಇಡುತ್ತಿದ್ದರು.

“ನಾನೂ ಬರ್ತೀನಿ ಅಕ್ಕಾ. ಚೀಲ ನಾನು ಹೊತ್ಕೋತೀನಿ” ಎಂದೆ.

ಅಕ್ಕ ಕೋಲನ್ನು ಕಂಕುಳಿಗೆ ಸಿಕ್ಕಿಸಿ ನನ್ನ ಕೆನ್ನೆ ಸವರಿದರು. ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಬೇಡ ಅಮ್ಮಣಿ. ನಾವಿಬ್ಬರೂ ಮೆಲ್ಲಗೆ ಹೋಗ್ತೀವಿ, ನಿನಗೆ ಬೇಜಾರಾಗ್ತದೆ.”