ತೆರೆಪಾಯಿಯ ಕಣ್ಣಿನ ಬೆಟ್ಟ

ಟೊಕೊರೊವಾ ಊರಿನ ನೆಟ್‌ಬಾಲ್ ಮೈದಾನದಲ್ಲಿ ತೆರೆಪಾಯಿ ಸೀಟಿ ಊದಿದಳೆಂದರೆ ಎರಡೂ ತಂಡದವರು ಶಪಿಸುತ್ತಿದ್ದರು. ರಾರೊಟೊಂಗಾ ದ್ವೀಪದಿಂದ ಬಂದು ಮರದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದ ಈ ಗಟ್ಟಿಗಿತ್ತಿ ಶನಿವಾರ ಬಂತೆಂದರೆ ತೀರ್ಪುಗಾರ್ತಿ. ಎದುರಾಳಿಯ ಮೈ ಮುಟ್ಟದವಳನ್ನು ಮುಟ್ಟಿದಳೆನ್ನುವಳು, ಗೆರೆ ದಾಟಿದವಳನ್ನು ಬಿಟ್ಟುಬಿಡುವಳು.

"ಆಂಟಿ, ಕಣ್ಣು ಮನೇಲಿಟ್ಟು ಬಂದ್ಯಾ?" ಎಂದು ಯಾರಾದರೂ ಕೂಗಿದರೆ, "ನಿನ್ನ ಗಂಡ ಯಾರ ಪಕ್ಕ ಕೂತಿದಾನೇಂತ ಇಲ್ಲಿಂದ್ಲೇ ಕಾಣುತ್ತೆ, ಹೇಳ್ಲಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ನಿಜವೆಂದರೆ ಅವಳಿಗೆ ಒಂದು ಚೆಂಡು ಮೂರಾಗಿ ಕಾಣುತ್ತಿತ್ತು. ಕನ್ನಡಕ ಬದಲಿಸಿದ್ದೇ ಬದಲಿಸಿದ್ದು, ಯಾವುದೂ ಹೊಂದಲಿಲ್ಲ. ಕನ್ನಡಕದವರೆಲ್ಲ ಕಳ್ಳರೆಂದು ತೀರ್ಮಾನಿಸಿದಳು. ತುರಿಸಿದಾಗಲೆಲ್ಲ ಹಿಟ್ಟು ನಾದಿದಂತೆ ಕಣ್ಣು ಉಜ್ಜಿಕೊಳ್ಳುವಳು. ಮಗಳು ವೈನೆಗೂ ಅದೇ ಚಾಳಿ.

ಹದಿನೈದರ ವೈನೆ ಸದಾ ಕಣ್ಣುಜ್ಜುತ್ತಾಳೆಂದು ಶಾಲೆಯವರು ಹೇಳಿದ ಮೇಲೆ, ತೆರೆಪಾಯಿ ಗೊಣಗುತ್ತಲೇ ಅವಳನ್ನು ಕಣ್ಣಿನ ಪರೀಕ್ಷೆಗೆ ಕರೆದೊಯ್ದಳು. ಪರೀಕ್ಷಿಸುವವಳು ಕಾಹು ಎಂಬ, ಆ ನಾಡಿನ ಮೂಲನಿವಾಸಿ ಮಾವೊರಿ ಯುವತಿ. ವೈನೆ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಪಟಪಟ ಓದಿದಳು. ಆದರೂ ಕಾಹು ಅವಳ ಗದ್ದವನ್ನು ಯಂತ್ರಕ್ಕೆ ಆನಿಸಿ, ಕಣ್ಣಿನ ಮುಂಭಾಗದ ಗಾಜಿನಂಥ ಪೊರೆಯ ಚಿತ್ರ ತೆಗೆದಳು. ಪರದೆಯ ತುಂಬ ಹಸಿರು. ಕೆಳಗೊಂದು ಕೆಂಪು ಮಚ್ಚೆ.

"ಇಲ್ಲಿ ಪೊರೆ ತೆಳುವಾಗಿ ಉಬ್ತಾ ಇದೆ, ಆಂಟಿ. ಈಗ್ಲೇ ಸಿಕ್ಕಿದ್ದು ಒಳ್ಳೇದಾಯ್ತು."

"ಎಲ್ಲಾ ಓದಿದಾಳಲ್ಲೇ! ಕಾಣೋ ಕಣ್ಣಿಗೆ ಕಾಯಿಲೆ ಅಂಟಿಸ್ತೀಯಾ?"

"ಅಕ್ಷರ ತಪ್ಪೋವರೆಗೂ ಕಾದ್ರೆ ತಡವಾಗುತ್ತೆ."

"ನಿನ್ನ ಯಂತ್ರಾನೇ ಕುಡಿದಿದೆ. ಏಳೇ ವೈನೆ, ನಾನು ಕೂರ್ತೀನಿ. ಇದರ ಬಂಡವಾಳ ಬಯಲು ಮಾಡ್ತೀನಿ!"

ಕೂತಳು. ಪರದೆ ಕೆಂಡವಾಯಿತು.

"ಅವಳದು ದಿಬ್ಬ, ನಿಮ್ಮದು ಬೆಟ್ಟ," ಎಂದಳು ಕಾಹು ಮೆತ್ತಗೆ. "ನಿಜ ಹೇಳಿ, ನಿಮಗೆ ಎಷ್ಟು ಚಂದ್ರ ಕಾಣ್ತಾವೆ?"

ತೆರೆಪಾಯಿ ಮೂರು ಬೆರಳೆತ್ತಿದಳು. ವೈನೆ ಕಿಸಕ್ಕನೆ ನಕ್ಕಳು.

"ನನ್ನಿಂದ ಬಂತೇನೇ ಇವಳಿಗೆ?"

"ಮನೆತನದಲ್ಲಿ ಬರೋದುಂಟು. ಉಜ್ಜಿದ್ರೆ ಹೆಚ್ಚುತ್ತೆ. ಇಬ್ರೂ ಕೈ ಕೆಳಗಿಡಿ."

ದೊಡ್ಡಾಸ್ಪತ್ರೆಯಲ್ಲಿ ವೈನೆಯ ಕಣ್ಣಿಗೆ ಹನಿ ಹಾಕಿ, ನೇರಳಾತೀತ ಬೆಳಕು ಬಿಟ್ಟು, ಪೊರೆಯನ್ನು ಗಟ್ಟಿ ಮಾಡಿದರು. ತಾಯಿಗೆ ಕಣ್ಣಿನ ಮೇಲೇ ಇಟ್ಟುಕೊಳ್ಳುವ ಗಟ್ಟಿ ಲೆನ್ಸ್ ಕೊಟ್ಟರು. ಅದನ್ನು ಹಾಕಿಕೊಂಡ ಮೊದಲ ಶನಿವಾರ ತೆರೆಪಾಯಿಗೆ ಒಂದೇ ಚೆಂಡು ಕಂಡಿತು. ಇನ್ನಾದರೂ ನ್ಯಾಯ ಸಿಕ್ಕೀತೆಂದು ಊರಿಗೆ ಊರೇ ನೆರೆದಿತ್ತು. ಅವಳು ಸೀಟಿ ಊದಿ, ಮುಟ್ಟದವಳನ್ನು ಮುಟ್ಟಿದಳೆಂದಳು. ಪಾಪ, ಇಷ್ಟು ವರ್ಷ ಸುಮ್ಮನೆ ಕಣ್ಣನ್ನು ಬೈದೆವಲ್ಲ ಎಂದು ಜನ ಹಲುಬಿದರು.

ಮರುವರ್ಷದ ಚಿತ್ರದಲ್ಲಿ ವೈನೆಯ ದಿಬ್ಬ ಬೆಳೆದಿರಲಿಲ್ಲ. ಆ ಭಾನುವಾರ ಚರ್ಚಿನ ಅಂಗಳದಲ್ಲಿ, ಬೇಯಿಸಿದ ಕೆಸುವಿನ ಗೆಡ್ಡೆ ಬಡಿಸುತ್ತ ತೆರೆಪಾಯಿ ಎಲ್ಲರಿಗೂ ಸಾರಿದಳು: "ಮಗಳ ಕಾಯಿಲೆ ಶುರುವಿನಲ್ಲೇ ಹಿಡಿದವಳು ನಾನು. ಆ ಯಂತ್ರದ ಹುಡುಗಿ ಬರೀ ಗುಂಡಿ ಒತ್ತಿದ್ಲು, ಅಷ್ಟೆ."