ಅಕ್ಕ ಓದಿದ ಕಾಗದ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಶಾಲೆಗೆ ಹೋಗಲು ಪಾಳಿ ಇತ್ತು. ಒಂದು ದಿನ ಅಕ್ಕ, ಮರುದಿನ ನಾನು. ಅಪ್ಪ ಅವ್ವ ಮಸ್ಕಿಯ ಆಚೆಯ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು. ಮನೆಯಲ್ಲಿ ಇನ್ನೂ ಅಂಬೆಗಾಲಿಡುವ ತಮ್ಮನಿದ್ದ. ಅವನನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ! ಇಬ್ಬರೂ ನಾಲ್ಕು ಅಕ್ಷರ ಕಲಿಯಲಿ ಎಂದು ಅಪ್ಪನೇ ಈ ಪಾಳಿ ಹಚ್ಚಿದ್ದ. ಮನೆಯಲ್ಲಿದ್ದ ಬರೆಯುವ ಪಾಟಿಯೂ ಒಂದೇ.

ನನ್ನ ಪಾಳಿ ಬಂದ ದಿನ ಎಷ್ಟೋ ಸಲ ನನಗೆ ಹೊಟ್ಟೆ ನೋಯುತ್ತಿತ್ತು. ನಗಬೇಡಿ ಮಕ್ಕಳೇ, ಸೋಮವಾರ ಬಂದರೆ ನಿಮಗೂ ಅದೇ ಕಾಯಿಲೆ. ಆಗ ಅಕ್ಕ ತಮ್ಮನನ್ನು ನನ್ನ ತೊಡೆಯ ಮೇಲೆ ಕೂರಿಸಿ, ಪಾಟಿ ಎತ್ತಿಕೊಂಡು ಒಂದೇ ಓಟ. ಸಂಜೆ ಒಲೆಯ ಮುಂದೆ, ಬೇಯುವ ಜೋಳದ ರೊಟ್ಟಿಯ ಘಮದಲ್ಲಿ, ಅಂದಿನ ಪಾಠವನ್ನೆಲ್ಲ ನನಗೆ ಹೇಳಿಕೊಡುತ್ತಿದ್ದಳು. ಆಕಳಿಸಿದರೆ ತಲೆಗೆ ಮೊಟಕುತ್ತಿದ್ದಳು.

ನಿಜಾಮನ ಕಾಲ ಮುಗಿದು ನಾಲ್ಕೈದು ವರ್ಷವಾಗಿತ್ತು. ಶೇಂಗಾ ಕೀಳುವ ದಿನಗಳಲ್ಲಿ ತಾಲೂಕು ಕಚೇರಿಯ ಒಬ್ಬ ಜವಾನ ನಮ್ಮ ಮನೆಗೆ ಬಂದ. ಹೊಸ ಕಾನೂನು ಬಂದಿದೆಯಂತೆ, ಮಕ್ಕಳನ್ನು ದಿನವೂ ಶಾಲೆಗೆ ಕಳಿಸದಿದ್ದರೆ ತಂದೆಗೆ ಶಿಕ್ಷೆಯಂತೆ. ಹಾಜರಿ ಪುಸ್ತಕದಲ್ಲಿ ನಮ್ಮಿಬ್ಬರದೂ ಬೇಕಾದಷ್ಟು ಗೈರುಹಾಜರಿಯಂತೆ. ಅಪ್ಪ ಲಿಂಗಸುಗೂರಿನ ಕಚೇರಿಗೆ ಬರಬೇಕಂತೆ. ಪೊಲೀಸರನ್ನು ಕಂಡರೆ ದಾರಿ ಬಿಟ್ಟು ನಡೆಯುವ ನನ್ನಪ್ಪ ಅಂದು ಊಟ ಮುಟ್ಟಲಿಲ್ಲ. ನಸುಕಿನಲ್ಲೇ ಒಗೆದ ರುಮಾಲು ಸುತ್ತಿಕೊಂಡು ಬಂಡಿ ಹತ್ತಿದ.

ಮರುದಿನ ಮಧ್ಯಾಹ್ನ ಮರಳಿದಾಗ ಧೋತರದ ತುಂಬ ಧೂಳು, ಹೆಬ್ಬೆರಳಿಗೆ ನೀಲಿ ಮಸಿ. ಆದರೆ ಮುಖ ಹಗುರಾಗಿತ್ತು.

"ಇನ್ನ ಕರಿಯೂದಿಲ್ಲ ಅಂದಾರ. ಮಾಸ್ತರಿಗೆ ಕೊಡಾಕ ಕಾಗದ ಕೊಟ್ಟಾರ. ಏನ ಬರದಾರ, ಓದವ್ವ," ಎಂದು ಅದನ್ನು ಅಕ್ಕನಿಗೆ ಕೊಟ್ಟ. ನಮ್ಮ ಮನೆಯಲ್ಲಿ ಸರಿಯಾಗಿ ಓದಲು ಬರುತ್ತಿದ್ದವಳು ಅವಳೊಬ್ಬಳೇ.

ಅಕ್ಕ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಗಟ್ಟಿಯಾಗಿ ಓದಿದಳು. ಮನೆಗೆಲಸಕ್ಕಾಗಿ ಮಗಳನ್ನು ಶಾಲೆ ಬಿಡಿಸಿದ್ದೇನೆ, ಅವಳ ಹೆಸರು ತೆಗೆಯಬೇಕು, ಮಗನನ್ನು ದಿನವೂ ಕಳಿಸುತ್ತೇನೆ ಎಂದು ಅಪ್ಪನೇ ಬರೆದುಕೊಟ್ಟಂತೆ ಅದರಲ್ಲಿತ್ತು. ಅವಳು ಎಲ್ಲೂ ತಡವರಿಸಲಿಲ್ಲ. ತನ್ನ ಹೆಸರನ್ನೂ ಸ್ಪಷ್ಟವಾಗಿ ಓದಿದಳು.

"ಒಬ್ರು ಮನ್ಯಾಗ ಇರಬೇಕಾಗತೈತ್ರಿ ಅಂದೆ, ಅಷ್ಟ," ಎಂದ ಅಪ್ಪ. "ಅವರ ಬರಕೊಂಡ್ರು. ಹೆಬ್ಬಟ್ಟು ಒತ್ತು ಅಂದ್ರು, ಒತ್ತಿದೆ. ನನಗೇನ ಗೊತ್ತಿತ್ತ ಯವ್ವಾ!"

ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅಂದೇ. ನಾಳೆ ಮತ್ತೆ ಹೋಗಿ ಕೈಮುಗಿಯುತ್ತೇನೆ ಎಂದ.

"ಬ್ಯಾಡಪ್ಪ," ಎಂದಳು ಅಕ್ಕ. "ಮತ್ತ ಪಾಳಿ ಹಚ್ಚಿದ್ರ ನಿನ್ನ ಒಳಗ ಹಾಕತಾರ."

ಅವಳಿಗೆ ಆಗ ಹತ್ತು ವರ್ಷ. ಪಾಟಿಯನ್ನು ಒರೆಸಿ ನನ್ನ ಚೀಲದಲ್ಲಿ ಇಟ್ಟಳು. ನನ್ನ ಹೆಸರು ತೆಗೆಸಪ್ಪ, ಅಕ್ಕ ಹೋಗಲಿ ಎಂದು ನಾನು ಹೇಳಬಹುದಿತ್ತು. ಶಾಲೆ ಬೇಕಾಗಿದ್ದವಳು ಅವಳೇ ಎಂದು ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಈಗ ನೀವು ಒಂದು ದಿನ ಶಾಲೆ ತಪ್ಪಿಸಿದರೆ ಹತ್ತು ಗಂಟೆಯೊಳಗೆ ನಿಮ್ಮಪ್ಪನ ಮೊಬೈಲಿಗೆ ಸಂದೇಶ ಬರುತ್ತದೆ. ಇದೇನು ಕಾಟ ಎಂದು ನೀವು ಗೊಣಗುತ್ತೀರಿ. ನನ್ನ ಅಕ್ಕ ಅಂದಿನಿಂದ ಒಂದು ದಿನವೂ ಶಾಲೆಗೆ ಹೋಗಲಿಲ್ಲ. ಅಪ್ಪನನ್ನು ಮತ್ತೆ ಯಾರೂ ಕರೆಸಲಿಲ್ಲ. ಆ ಹುಡುಗಿ ಯಾಕೆ ಬರುತ್ತಿಲ್ಲ ಎಂದು ಯಾರೂ ಕೇಳಲೂ ಇಲ್ಲ.