ಅನಸಕ್ಕನ ಭಾನುವಾರಗಳು

ಅನಸಕ್ಕ ತನ್ನ ಕೈಗಳನ್ನು ತಾನು ನೋಡಿಕೊಂಡದ್ದನ್ನು ನಾನು ಕಂಡೇ ಇಲ್ಲ. ಟೈಪು ಮಾಡುವಾಗ ಆಕೆಯ ಕಣ್ಣು ಪಕ್ಕದ ಕಾಗದದ ಮೇಲಿರುತ್ತಿತ್ತು. ರೊಟ್ಟಿ ಬಡಿಯುವಾಗ ಕಿಟಕಿಯಾಚೆ, ಬಸ್‌ಸ್ಟ್ಯಾಂಡಿನ ಕಡೆ. ಹತ್ತು ಬೆರಳೂ ತಮ್ಮ ಪಾಡಿಗೆ ತಾವು ದುಡಿಯುತ್ತಿದ್ದವು. ಕಲಿಯಲು ಬಂದವರು ಕೀಲಿಗಳ ಕಡೆ ಬಗ್ಗಿದರೆ ಸಾಕು, ಹಿಂದಿನಿಂದ ಬಂದು ಅವರ ಗದ್ದ ಎತ್ತುತ್ತಿದ್ದಳು. "ಕೈ ನೋಡಿದ್ಯೋ, ಸ್ಪೀಡು ಸತ್ತಂಗ. ಅವು ಎಲ್ಲಿಗೂ ಓಡಿ ಹೋಗೂದಿಲ್ಲ, ನಿನ್ನ ಮೈಗೇ ಅಂಟಿಕೊಂಡಾವ."

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಕೆಯ ಮನೆ. ಮುಂದಿನ ಕೋಣೆಯಲ್ಲಿ ಎಂಟು ಇಂಗ್ಲಿಷ್ ಟೈಪ್‌ರೈಟರು, ಒಂದು ಕನ್ನಡದ್ದು. ಹಿಂದಿನ ಎರಡು ಕೋಣೆಯಲ್ಲಿ ಅನಸಕ್ಕ ಒಬ್ಬಳೇ. ತೆಲಿಗಿ ಕಡೆಯಿಂದೆಲ್ಲ ಹುಡುಗ ಹುಡುಗಿಯರು ಬಸ್ಸು ಹಿಡಿದು ಬಂದು, ತಾಸು ಹೊತ್ತು ಕುಟ್ಟಿ ಹೋಗುತ್ತಿದ್ದರು. ಆಕೆಗೆ ಆಗ ಮೂವತ್ತೈದು ದಾಟಿರಬೇಕು. ತಂಬ್ರಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದರಂತೆ. ಎರಡು ವರ್ಷಕ್ಕೆ ಒಂದು ಟ್ರಂಕು ಹಿಡಿದು ವಾಪಸು ಬಂದಳಂತೆ. ಯಾಕೆ ಎಂದು ಕೇಳಿದವರಿಗೆ "ಅಲ್ಲಿ ನೀರು ಹಿಡಿಸಲಿಲ್ರಿ" ಎನ್ನುತ್ತಿದ್ದಳು. ತಾಯಿ ಇರುವ ತನಕ ತಾಯಿಯ ಜೊತೆಗಿದ್ದಳು. ಆಮೇಲೆ ಮಿಷಿನ್ನುಗಳ ಜೊತೆ.

ನಮ್ಮದು ಅದೇ ಓಣಿಯ ಕೊನೆಯ ಮನೆ. ಅಪ್ಪ ಕರೆಂಟಿನ ಲೈನ್‌ಮ್ಯಾನ್. ನಾನು ಐದನೇ ಕ್ಲಾಸಿನಲ್ಲಿದ್ದ ಬೇಸಗೆಯಲ್ಲಿ ಅನಸಕ್ಕನ ತಮ್ಮ ರುದ್ರೇಶ ರಜೆಗೆ ಬಂದ. ಆತ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ. ಬರುವಾಗ ಅಕ್ಕನಿಗೆಂದು ಒಂದು ಕರಿ ಡಬ್ಬಿ ತಂದಿದ್ದ. ನಮ್ಮ ಭೂಗೋಳದ ಪುಸ್ತಕದಷ್ಟೇ ಇತ್ತು, ಮೇಲೆ ರಬ್ಬರಿನ ಗುಂಡಿಗಳು. "ಇದು ಕಂಪ್ಯೂಟರು. ಟಿವಿಗೆ ಹಚ್ಚಿದ್ರ ಆಟ ಆಡಬಹುದು" ಎಂದ. ಓಣಿಯೆಲ್ಲ ನೋಡಲು ಬಂತು. ಟಿವಿಯ ಮೇಲೆ ಒಂದು ಚೌಕ ಆಚೀಚೆ ಹೊರಳಿದ್ದು ಬಿಟ್ಟರೆ ಏನೂ ಕಾಣಲಿಲ್ಲ. "ಇದ್ರಾಗ ಹಾಡೂ ಬರೂದಿಲ್ಲ, ಮನುಷ್ಯಾರೂ ಬರೂದಿಲ್ಲ" ಎಂದು ಜನ ಎದ್ದುಹೋದರು. ನಾನು ಏಳಲಿಲ್ಲ.

ಆಟ ಡಬ್ಬಿಯೊಳಗೆ ಇರಲಿಲ್ಲ, ಅದರ ಜೊತೆ ಬಂದ ಒಂದು ಪುಸ್ತಕದಲ್ಲಿತ್ತು. ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಸಾಲುಗಳು ಆರು ಪುಟ. ಅಷ್ಟನ್ನೂ ಒಂದಕ್ಷರ ತಪ್ಪದೆ ಟೈಪು ಮಾಡಿದರೆ ಆಟ ಶುರುವಾಗುತ್ತಿತ್ತು. ಕರೆಂಟು ಹೋದರೆ, ಸ್ವಿಚ್ಚು ಆರಿಸಿದರೆ, ಡಬ್ಬಿ ಎಲ್ಲವನ್ನೂ ಮರೆತುಬಿಡುತ್ತಿತ್ತು. ಟೇಪ್ ರೆಕಾರ್ಡರಿಗೆ ಜೋಡಿಸಿ ಕ್ಯಾಸೆಟ್ಟಿನಲ್ಲಿ ತುಂಬಿಡಬಹುದಿತ್ತು. ಅದಕ್ಕೆ ಬೇಕಾದ ತಂತಿಯನ್ನು ರುದ್ರೇಶ ತರುವುದು ಮರೆತಿದ್ದ. "ಕಳಿಸ್ತೀನಕ್ಕ" ಎಂದು ನನ್ನೆದುರಿಗೇ ಹೇಳಿ ಹೋದ.

ಅಂದಿನಿಂದ ಭಾನುವಾರಗಳು ನಮ್ಮವಾದವು. ಅವತ್ತು ಟೈಪಿಂಗಿಗೆ ರಜೆ. ಪುಸ್ತಕ ನೋಡಿ ಟೈಪು ಮಾಡುವುದು ಅನಸಕ್ಕನಿಗೆ ನೀರು ಕುಡಿದಷ್ಟು ಸಲೀಸು. ಆದರೆ ರಬ್ಬರ್ ಗುಂಡಿ ಒತ್ತಿದ್ದು ಒಮ್ಮೊಮ್ಮೆ ಬೀಳುತ್ತಿರಲಿಲ್ಲವಾದ್ದರಿಂದ ಕಣ್ಣು ಟಿವಿಯ ಮೇಲೆ ಇಡಬೇಕಾಗಿತ್ತು. ಹಾಗಾಗಿ ಪುಸ್ತಕ ಓದಲು ನಾನು. ಚಿಹ್ನೆಗಳ ಹೆಸರು ನನಗೆ ಗೊತ್ತಿರಲಿಲ್ಲ, ನಾವೇ ಇಟ್ಟುಕೊಂಡೆವು. ನಕ್ಷತ್ರದಂಥದ್ದು ಚಿಕ್ಕಿ. ಆವರಣ ಬಂದರೆ ಬಾಗಿಲು ತೆಗಿ, ಬಾಗಿಲು ಹಾಕು. ಡಾಲರು ಕೋಲಿಗೆ ಸುತ್ತಿದ ಹಾವು.

"ನಲವತ್ತನೇ ಸಾಲು. ಎಲ್, ಇ, ಟಿ. ಎ, ಹಾವು. ಬಾಗಿಲು ತೆಗಿ..."

"ತಡಿಲೇ ಮಂಜಿ, ಬಾಗಿಲು ತೆಗಿಯಾಕ ಎರಡು ಗುಂಡಿ ಒತ್ತಬೇಕು. ಹೂಂ, ತೆಗದೆ. ಮುಂದ?"

ಮೂರು ತಾಸು ಓದಿದರೆ ಚಂದ್ರನ ಆಟ ತಯಾರು. ಮೇಲಿನಿಂದ ಒಂದು ಸಣ್ಣ ವಿಮಾನ ಬೀಳುತ್ತ ಬರುತ್ತದೆ. ಗುಂಡಿ ಒತ್ತಿದರೆ ಬೆಂಕಿಯುಗುಳಿ ನಿಧಾನವಾಗುತ್ತದೆ, ಆದರೆ ಎಣ್ಣೆ ಖರ್ಚಾಗುತ್ತದೆ. ಚಂದ್ರನ ಮೇಲೆ ಮೆಲ್ಲಗೆ ಇಳಿಸಬೇಕು, ಅಷ್ಟೇ. ನಾನು ಹೆದರಿ ಗುಂಡಿ ಒತ್ತೇ ಒತ್ತಿ ಎಣ್ಣೆ ಮುಗಿಸಿ ಕೆಡವುತ್ತಿದ್ದೆ. ಅನಸಕ್ಕ ಕೊನೇ ಗಳಿಗೆಯ ತನಕ ಸುಮ್ಮನೆ ಬೀಳಲು ಬಿಟ್ಟು, ಆಮೇಲೆ ಒಮ್ಮೆ, ಇನ್ನೊಮ್ಮೆ ಒತ್ತಿ, ನೆಲದ ಮೇಲೆ ಎಲೆಯ ಹಾಗೆ ಇಳಿಸುತ್ತಿದ್ದಳು.

"ಇಳದ ಮ್ಯಾಲೆ ಒಳಗಿನಂವ ಅಲ್ಲಿ ಏನ್ ಮಾಡ್ತಾನಕ್ಕ?" ಎಂದು ಒಮ್ಮೆ ಕೇಳಿದೆ.

"ಏನ್ ಮಾಡ್ತಾನ? ಕುಂದ್ರತಾನ."

"ಒಬ್ಬನ?"

"ಮತ್ತ ಅಲ್ಲಿ ಯಾರದಾರ?" ಎಂದಳು. ಆಮೇಲೆ ನಕ್ಕು, "ನಿನ್ನ ಪಾಳಿ ಬಂತು, ಆಡು" ಎಂದು ಡಬ್ಬಿಯನ್ನು ನನ್ನ ಕಡೆ ಸರಿಸಿದಳು.

ಸಂಜೆ ಟಿವಿಯಲ್ಲಿ ಸಿನಿಮಾ. ಅಷ್ಟೊತ್ತಿಗೆ ಡಬ್ಬಿ ಬಿಚ್ಚಿಡಬೇಕಿತ್ತು. ಓಣಿಯ ಜನ ಚಾಪೆ ಸಮೇತ ಬಂದು ಕೂರುತ್ತಿದ್ದರು. ಸಿನಿಮಾ ಮುಗಿದದ್ದೇ, ನಿದ್ದೆಹತ್ತಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಎಲ್ಲರೂ ಹೊರಟರೆ, ಅನಸಕ್ಕ ಬಾಗಿಲಲ್ಲಿ ನಿಂತಿರುತ್ತಿದ್ದಳು. "ಬರ್ತೀವವ್ವ" ಎಂದವರು ಕಡಿಮೆ. "ಟಿವಿ ನೋಡಾಕ ಬಂದೋರು, ನನ್ನನ್ನ ನೋಡಾಕ ಬಂದಿದ್ರೇನು, ಬಿಡು" ಎಂದು ನೆಲ ಗುಡಿಸುತ್ತಿದ್ದಳು.

ಒಂದು ಭಾನುವಾರ ಎಲ್ಲ ಟೈಪು ಮಾಡಿ ಮುಗಿದರೂ ಆಟ ಶುರುವಾಗಲಿಲ್ಲ. ಸಾಲು ಸಾಲೂ ತಾಳೆ ನೋಡಿದೆವು. ನಾನು ಸೊನ್ನೆಯನ್ನು ಓ ಎಂದು ಓದಿದ್ದೆ, ಒಂದಲ್ಲ, ಹನ್ನೊಂದು ಕಡೆ. ತಿದ್ದುತ್ತ ತಿದ್ದುತ್ತ ಕೊನೆಯದಕ್ಕೆ ಬರುವಷ್ಟರಲ್ಲಿ ಕರೆಂಟು ಹೋಯಿತು. ನಾನು ಅತ್ತುಬಿಟ್ಟೆ. ಮನೆಗೆ ಓಡಿ ಅಪ್ಪನ ಅಂಗಿ ಹಿಡಿದು ಜಗ್ಗಿದೆ. ಅಪ್ಪ, "ನನ್ನ ಕೈಯಾಗ ಐತೇನವ್ವ ಅದು? ಮ್ಯಾಲಿನಿಂದ ತಗೀತಾರ" ಎಂದ. ಹಿಂದೆಯೇ ಬಂದ ಅನಸಕ್ಕ ಸೆರಗಿನಿಂದ ನನ್ನ ಮುಖ ಒರೆಸಿದಳು. "ಮಿಷಿನ್ನಿಗೆ ಸಿಟ್ಟಿಲ್ಲ, ನೆನಪೂ ಇಲ್ಲ. ಮುಂದಿನ ವಾರ ಮತ್ತ ಹೊಸಾದು. ನಾವೂ ಹಂಗ ಇರಬೇಕು ನೋಡು." ಆಕೆಗೆ ಒಂದಿಷ್ಟೂ ಬೇಜಾರಾಗಿರಲಿಲ್ಲ. ನನಗೆ ಅದು ಆಗ ವಿಚಿತ್ರ ಅನ್ನಿಸಿತ್ತು.

"ತಂತಿ ಬಂತೇನಕ್ಕ?" ಎಂದು ತಿಂಗಳಿಗೊಮ್ಮೆಯಾದರೂ ಕೇಳುತ್ತಿದ್ದೆ. "ಎಲ್ಲಿ ಬಂತವ್ವ, ಅಂವ ಹಡಗಿನ್ಯಾಗ ಎಲ್ಲಿ ಅದಾನೋ" ಎನ್ನುತ್ತಿದ್ದಳು.

ಒಂದು ವರ್ಷ ಹೀಗೇ ಹೋಯಿತು. ನಾನು ಆರನೆಯ ಕ್ಲಾಸು ಮುಗಿಸುವ ಹೊತ್ತಿಗೆ ಒಂದು ಭಾನುವಾರ ಮಧ್ಯಾಹ್ನ, ಅನಸಕ್ಕ ಒಲೆಯ ಮುಂದಿದ್ದಾಗ, ಪುಸ್ತಕ ತೆಗೆದುಕೊಳ್ಳಲು ನಾನೇ ಅಲಮಾರಿನ ಬಾಗಿಲು ತೆಗೆದೆ. ಸೀರೆಗಳ ಕೆಳಗೆ ಪುಸ್ತಕವಿತ್ತು. ಅದರ ಕೆಳಗೆ ಬೇರೆ ದೇಶದ ಸ್ಟಾಂಪು ಹಚ್ಚಿದ ಒಂದು ಲಕೋಟೆ. ಒಳಗೆ ಸುತ್ತಿಟ್ಟ ತಂತಿ, ಎರಡೂ ತುದಿಗೆ ಹೊಳೆಯುವ ಪಿನ್ನು. ಜೊತೆಗೆ ಒಂದು ಚೀಟಿ: 'ಅಕ್ಕ, ಇದನ್ನು ಟೇಪ್ ರೆಕಾರ್ಡರಿಗೆ ಹಾಕು. ಇನ್ನು ನೀನು ಪ್ರತಿಸಲ ಟೈಪು ಮಾಡುವುದು ತಪ್ಪುತ್ತದೆ.' ಚೀಟಿಯ ಮೇಲಿನ ತಾರೀಕು ಆತ ಹೋದ ಎರಡು ತಿಂಗಳಿಗೇ ಇತ್ತು.

ಲಕೋಟೆ ಹಿಡಿದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತೆ.

"ಅಕ್ಕ, ಇದು ಯಾವಾಗ ಬಂತು?"

ಅನಸಕ್ಕ ತಿರುಗಿ ನೋಡಿದಳು. ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು.

"ಬಂದು ಬಾಳ ದಿನ ಆತು."

"ಮತ್ತ ನಾ ಕೇಳಿದಾಗೆಲ್ಲ ಇಲ್ಲ ಅಂದಿ?"

"ಅಂದೆ."

"ನನ್ನ ಗಂಟಲು ಒಣಗಿ ಹೋಗ್ತಿತ್ತಲ್ಲ! ಅವತ್ತು ಎಷ್ಟು ಅತ್ತೆ ನಾನು!"

"ತಂತಿ ಹಾಕಿದ್ರ ಐದು ನಿಮಿಷಕ್ಕ ಆಟ ಬರ್ತೈತಿ ಮಂಜಿ. ನೀ ಅರ್ಧ ತಾಸು ಆಡಿ ಮನಿಗೆ ಹೋಗ್ತಿದ್ದಿ" ಎಂದಳು. ಒಲೆಯ ಕಡೆ ತಿರುಗಿ, "ಉಳಿದ ಹೊತ್ತು ನಾ ಯಾರ ಕೂಡ ಮಾತಾಡ್ಲಿ?" ಎಂದಳು.

ಹನ್ನೊಂದು ವರ್ಷದ ನನಗೆ ಆ ಮಾತಿನ ಭಾರ ತಿಳಿಯಲಿಲ್ಲ. ತಿಳಿದದ್ದು ಒಂದೇ: ದೊಡ್ಡವಳು ನನಗೆ ಸುಳ್ಳು ಹೇಳಿದ್ದಾಳೆ. "ನೀ ಸುಳ್ಳಿ" ಎಂದು ತಂತಿಯನ್ನು ಅಲ್ಲೇ ಎಸೆದು ಹೊರಟುಬಂದೆ. ಮೂರು ಭಾನುವಾರ ಹೋಗಲಿಲ್ಲ. ಓಣಿಯ ಹುಡುಗಿಯರ ಜೊತೆ ಕುಂಟಾಬಿಲ್ಲೆ ಆಡಿದೆ. ಆಡುವಾಗ ಆ ಮನೆಯ ಕಿಟಕಿಯ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಕಡೆಗೆ ಅವ್ವ ನಳದಿಂದ ಕೊಡ ಹೊತ್ತು ಬಂದವಳು, "ಅನಸಕ್ಕ ಕೇಳ್ತಿದ್ಲು. ಹುಡುಗಿಗೆ ಹುಷಾರೈತೇನ್ರಿ ಅಂತ. ಏನ್ ಮಾಡ್ಕೊಂಡೀ ನೀನು?" ಎಂದಳು. ನಾಲ್ಕನೆಯ ಭಾನುವಾರ ಹೋದೆ.

ಅನಸಕ್ಕ ಏನೂ ಆಗದವಳಂತೆ "ಬಾ" ಎಂದಳು. ಡಬ್ಬಿಗೆ ತಂತಿ ಹಾಕಿತ್ತು, ಪಕ್ಕದಲ್ಲಿ ಟೇಪ್ ರೆಕಾರ್ಡರು. ನಾನಿಲ್ಲದಾಗ ಒಬ್ಬಳೇ ಕೂತು, ಒಂದು ಸಾಲು ಪುಸ್ತಕ, ಒಂದು ಸಾಲು ಟಿವಿ ನೋಡುತ್ತ ಪೂರ್ತಿ ಟೈಪು ಮಾಡಿ ಕ್ಯಾಸೆಟ್ಟಿನಲ್ಲಿ ತುಂಬಿದ್ದಳು. ಗುಂಡಿ ಒತ್ತಿದಳು. ಕೀರಲು ಸದ್ದು ಬಂತು, ಟಿವಿಯಲ್ಲಿ ಗೆರೆಗಳು ಓಡಿದವು, ಐದು ನಿಮಿಷಕ್ಕೆ ಚಂದ್ರ ಬಂದ.

"ಆಡು" ಎಂದಳು.

ಆಡಿದೆ. ಅಂದು ಮೊದಲ ಸಲ ಮೆಲ್ಲಗೆ ಇಳಿಸಿದೆ. ಅನಸಕ್ಕ ಚಪ್ಪಾಳೆ ತಟ್ಟಿದಳು. ಆಮೇಲೆ ಆಕೆ ಆಡಿದಳು. ಆಮೇಲೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಬಾಯಿಗೆ ಕೆಲಸವಿರಲಿಲ್ಲ. ಗಡಿಯಾರದಲ್ಲಿ ಒಂದೂ ಆಗಿರಲಿಲ್ಲ. "ಅವ್ವ ಕರೀತಾಳ" ಎಂದು ಸುಳ್ಳು ಹೇಳಿ ಎದ್ದೆ. "ಹೂಂ, ಹೋಗವ್ವ" ಎಂದಳು.

ಆಮೇಲೂ ಹೋಗುತ್ತಿದ್ದೆ, ಆದರೆ ಪ್ರತಿವಾರ ಅಲ್ಲ. ಆ ಮಳೆಗಾಲದಲ್ಲಿ ಅಪ್ಪನಿಗೆ ಹಡಗಲಿ ಊರಿಗೆ ವರ್ಗವಾಯಿತು. ಹೊರಡುವ ದಿನ ಅನಸಕ್ಕ ಕ್ಲಾಸು ಬಿಟ್ಟು ಬಸ್‌ಸ್ಟ್ಯಾಂಡಿಗೆ ಬಂದಳು. ಅಪ್ಪ ಬಸ್ಸಿನ ಮೇಲೆ ಸಾಮಾನು ಹಾಕಿಸುತ್ತಿದ್ದಾಗ ಒಳಗೆ ಬಂದು ನನ್ನ ಪಕ್ಕ ಕೂತಳು. ಕಂಡಕ್ಟರು ಸೀಟಿ ಊದಿದ. ಎದ್ದು ನಿಂತು ಹೇಳಿದಳು:

"ಅಲ್ಲಿ ಯಾರರ ಒಬ್ಬಾಕಿ ಗೆಣತಿ ಸಿಗ್ತಾಳ. ಸಿಕ್ಕ ಮ್ಯಾಲೆ ಕಾಗದ ಬರಿ. ಸಿಗಲಿಲ್ಲಂದ್ರೂ ಬರಿ."

ನಾನು ಬರೆದೆ. ಎಂಟು ದಿನಕ್ಕೆ ಉತ್ತರ ಬಂತು, ಕನ್ನಡ ಮಿಷಿನ್ನಿನಲ್ಲಿ ಟೈಪು ಮಾಡಿದ್ದು, ಒಂದೂ ತಪ್ಪಿಲ್ಲದೆ. ಹೆಸರು ಮಾತ್ರ ಕೈಬರಹ. ಎರಡನೆಯದನ್ನೂ ಬರೆದೆ, ಅದಕ್ಕೂ ಬಂತು. ಅಷ್ಟರಲ್ಲಿ ಹಡಗಲಿಯಲ್ಲಿ ನನಗೆ ಗೆಳತಿಯರು ಸಿಕ್ಕಿದ್ದರು. ಮೂರನೆಯದನ್ನು ನಾಳೆ ಬರೆದರಾಯಿತು ಎಂದುಕೊಂಡೆ.

ಎಸ್ಸೆಸ್ಸೆಲ್ಸಿ ವರ್ಷ ಅಪ್ಪ ಯಾವುದೋ ಕೆಲಸಕ್ಕೆ ಹರಪನಹಳ್ಳಿಗೆ ಹೋಗಿ ಬಂದವನು, ಚಪ್ಪಲಿ ಬಿಡುತ್ತ, "ಅನಸಕ್ಕ ತೀರಿಕೊಂಡು ಮೂರು ತಿಂಗಳಾತಂತ. ಜ್ವರ ಅಂತ ಮಲಗಿದಾಕಿ ಏಳಲಿಲ್ಲಂತ" ಎಂದ. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ನಾನು ಒಳಗೆ ಹೋಗಿ ಪುಸ್ತಕದ ಚೀಲ ಹುಡುಕಿದೆ. ಆಕೆಯ ಇನ್ನೊಂದು ಕಾಗದ ನನ್ನ ಹತ್ತಿರ ಇತ್ತು, ನಾನು ಬರೆಯದೆಯೇ ಬಂದದ್ದು. ಮೂರು ವರ್ಷದಿಂದ ಉತ್ತರ ಕೊಡದೆ ಇಟ್ಟುಕೊಂಡದ್ದು. ಎರಡೇ ಸಾಲು.

'ಚಿ. ಮಂಜುಳಾಗೆ, ನಿನ್ನ ಕಾಗದ ಬರಲಿಲ್ಲ. ದಾರಿಯಲ್ಲಿ ಎಲ್ಲೋ ಕಳೆದಿರಬೇಕು, ಇನ್ನೊಂದು ಸಲ ಬರೆ.'

ದಾರಿಯಲ್ಲಿ ಕಳೆದಿರಲಿಲ್ಲ. ನಾನು ಬರೆದೇ ಇರಲಿಲ್ಲ.